ಗಿರ್ರನೆ ತಿರುಗಿದರೆ ತಲೆ ಯಾಕೆ ಸುತ್ತುತ್ತೆ? ಮಕ್ಕಳಿಗೆ ನೀವು ಹೇಗೆ ಹೇಳಿಕೊಡ್ತೀರಿ?

ಸರಸ್ವತಿಪುರಂ ಅಮ್ಮ

ದಸರಾ ವಸ್ತುಪ್ರದರ್ಶನಕ್ಕೆ ಮಗಳನ್ನ ಕರ್ಕೊಂಡು ಹೋಗಿದ್ವಿ. ಎರಡನೇ ಕ್ಲಾಸು, ಬಾಯಿ ತೆಗೆದರೆ 'ಯಾಕೆ' ಅನ್ನೋ ವಯಸ್ಸು. ಜೈಂಟ್ ವೀಲ್ ಹತ್ತಿ ಇಳಿದಾಗ ಏನೂ ಆಗಲಿಲ್ಲ, ಇನ್ನೊಂದು ರೌಂಡ್ ಅಂತ ಹಟ ಹಿಡಿದಳು. ಆಮೇಲೆ ಕಪ್-ಸಾಸರ್‌ನಲ್ಲಿ ಕೂತು ಇಳಿದಳು ನೋಡಿ, ನೆಟ್ಟಗೆ ನಿಲ್ಲೋಕಾಗದೆ ನನ್ನ ವೇಲ್ ಹಿಡ್ಕೊಂಡುಬಿಟ್ಟಳು. ಡೆಲ್ಲಿ ಹಪ್ಪಳ ಕೂಡ ಬೇಡ ಅಂದಳು.

ವಾಪಸ್ ಬರ್ತಾ ಆಟೋದಲ್ಲಿ ಎರಡು ಪ್ರಶ್ನೆ ಕೇಳಿದಳು. ಒಂದು, ಅಷ್ಟು ದೊಡ್ಡ ಚಕ್ರದಲ್ಲಿ ತಿರುಗಿದರೂ ತಲೆ ಸುತ್ತಲಿಲ್ಲ, ಚಿಕ್ಕ ಕಪ್‌ನಲ್ಲಿ ಕೂತರೆ ಯಾಕೆ ಸುತ್ತಿತು? ಎರಡು, ಕಪ್ ನಿಂತುಹೋಯ್ತು, ನಾನೂ ಇಳಿದೆ, ಆದರೂ ಅಂಗಡಿ ಸಾಲೆಲ್ಲ ಯಾಕೆ ಓಡ್ತಿತ್ತು?

ಅವರಪ್ಪ 'ತಲೆಯೊಳಗೆ ರಕ್ತ ತಿರುಗುತ್ತೆ ಪುಟ್ಟಿ' ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಏಳು ವರ್ಷದ ಮಗುವಿಗೆ ಅರ್ಥ ಆಗೋ ಹಾಗೆ, ಆದರೆ ಮುಂದೆ ಹೈಸ್ಕೂಲಿಗೆ ಹೋದಾಗ 'ಅಮ್ಮ ಸುಳ್ಳು ಹೇಳಿದ್ದಳು' ಅನ್ನಿಸದ ಹಾಗೆ ಹೇಳೋದು ಹೇಗೆ? ಗೊತ್ತಿರೋರು ದಯವಿಟ್ಟು ಬರೀರಿ.

ಅಗ್ರಹಾರದ ಅಜ್ಜಿ

ನಾವು ಚಿಕ್ಕವರಿದ್ದಾಗ ಕೈ ಕೈ ಹೆಣೆದು ಅಪ್ಪಾಲೆ ತಿಪ್ಪಾಲೆ ಆಡಿ ಅಂಗಳದಲ್ಲಿ ದೊಪ್ಪನೆ ಬೀಳ್ತಿದ್ದೆವು. ನಮ್ಮಮ್ಮ 'ಪಿತ್ತ ನೆತ್ತಿಗೇರುತ್ತೆ, ಸಾಕು ನಿಲ್ಲಿಸಿ' ಅಂತ ಕೂಗೋರು. ಒಂದು ಲೋಟ ನಿಂಬೆಹಣ್ಣಿನ ಪಾನಕ ಕೊಟ್ಟರೆ ಸರಿ ಹೋಗ್ತಿತ್ತು. ನಾನೂ ನನ್ನ ಮಕ್ಕಳಿಗೆ ಹಾಗೇ ಹೇಳಿ ಬೆಳೆಸಿದೆ ತಾಯಿ. ಈಗಿನವರು ಏನು ಹೇಳ್ತಾರೋ ಓದೋಣ ಅಂತ ಬಂದೆ.

ವಿಜ್ಞಾನದ ಮೇಷ್ಟ್ರು, ಶ್ರೀರಂಗಪಟ್ಟಣ

ಅಮ್ಮಾ, ನಿಮ್ಮ ಮಗಳು ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಇರೋದು ಕಿವಿಯಲ್ಲಿ. ರಕ್ತದಲ್ಲಲ್ಲ, ಪಿತ್ತದಲ್ಲೂ ಅಲ್ಲ. (ಅಜ್ಜಿ ಬೇಜಾರು ಮಾಡ್ಕೋಬೇಡಿ. ಪಾನಕ ಕುಡಿಯೋ ಹೊತ್ತಿಗೆ ತಲೆಸುತ್ತು ತಾನಾಗಿ ಇಳಿದಿರುತ್ತೆ. ಪಾನಕ ಕುಡಿದದ್ದಕ್ಕೆ ನಷ್ಟವೇನಿಲ್ಲ.)

ಎರಡನೇ ಪ್ರಶ್ನೆ ಮೊದಲು ತಗೊಳ್ಳೋಣ. ಮನೆಯಲ್ಲಿ ತಿರುಗುವ ಕುರ್ಚಿ ಇದ್ದರೆ ಅದರ ಸೀಟಿನ ಸರಿಯಾಗಿ ನಡುವೆ ಒಂದು ಗಾಜಿನ ಲೋಟ ಇಡಿ. ಮುಕ್ಕಾಲು ನೀರು ತುಂಬಿ, ಮೇಲೆ ಒಂದು ಚಿಟಿಕೆ ಮೆಣಸಿನ ಪುಡಿ ಉದುರಿಸಿ. ಈಗ ಕುರ್ಚಿಯನ್ನ ತಿರುಗಿಸಿ. ಲೋಟ ತಿರುಗುತ್ತೆ, ಪುಡಿ ಮಾತ್ರ ಇದ್ದಲ್ಲೇ ಇರುತ್ತೆ. ನಿಲ್ಲಿಸದೆ ಒಂದೇ ಸಮನೆ ತಿರುಗಿಸ್ತಾ ಹೋಗಿ, ಸ್ವಲ್ಪ ಹೊತ್ತಿಗೆ ನೀರೂ ಪುಡಿಯೂ ಲೋಟದ ಜೊತೆಗೇ ತಿರುಗೋಕೆ ಶುರುವಾಗುತ್ತೆ. ಆಮೇಲೆ ಕುರ್ಚಿಯನ್ನ ಗಪ್ಪನೆ ಹಿಡಿದು ನಿಲ್ಲಿಸಿ. ಲೋಟ ನಿಂತಿದೆ, ನೀರು ಇನ್ನೂ ತಿರುಗ್ತಿದೆ. ಮಗು ಇದನ್ನ ಕಣ್ಣಾರೆ ನೋಡಲಿ, ನೀವು ಏನೂ ವಿವರಿಸೋಕೆ ಹೋಗಬೇಡಿ. ಮೂರು ಹಂತವನ್ನೂ ಮಗುವೇ ಬಾಯಲ್ಲಿ ಹೇಳಬೇಕು.

ಈಗ ಕಿವಿಗೆ ಬನ್ನಿ. ಕಿವಿಯ ತಮಟೆಗೂ ಒಳಗಡೆ, ಗಟ್ಟಿ ಮೂಳೆಯ ನಡುವೆ, ಒಂದೊಂದು ಕಿವಿಯಲ್ಲೂ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಪ್ರತಿಯೊಂದೂ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು. ಒಳಗೆ ದ್ರವ ತುಂಬಿದೆ. ಮೂರೂ ಬೇರೆ ಬೇರೆ ದಿಕ್ಕಿಗೆ, ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ ನಿಂತಿವೆ. 'ಹೂಂ' ಅಂತ ತಲೆ ಆಡಿಸೋದು, 'ಊಹೂಂ' ಅಂತ ಆಡಿಸೋದು, ತಲೆಯನ್ನ ಭುಜದ ಕಡೆಗೆ ವಾಲಿಸೋದು, ಹೀಗೆ ತಲೆ ಯಾವ ಕಡೆ ತಿರುಗಿದರೂ ತಿಳಿಯೋಕೆ ಮೂರು ನಾಳ ಸಾಕು.

ನಾಳದ ಒಂದು ತುದಿ ಉಬ್ಬಿಕೊಂಡಿರುತ್ತೆ. ಅಲ್ಲಿ ಲೋಳೆಯಂಥ ಒಂದು ಪುಟ್ಟ ಪರದೆ, ಪರದೆಯ ಬುಡದಲ್ಲಿ ಸಂವೇದಿ ಕೋಶಗಳು. ತಲೆ ತಿರುಗೋಕೆ ಶುರುವಾದಾಗ ನಾಳ ತಲೆಯ ಜೊತೆ ಹೋಗುತ್ತೆ, ದ್ರವ ಹಿಂದುಳಿಯುತ್ತೆ, ಪರದೆ ಬಾಗುತ್ತೆ. 'ಬಲಕ್ಕೆ ತಿರುಗ್ತಿದ್ದೀನಿ' ಅಂತ ಮೆದುಳಿಗೆ ಸುದ್ದಿ ಹೋಗುತ್ತೆ. ಒಂದೇ ವೇಗದಲ್ಲಿ ತಿರುಗ್ತಾ ಇದ್ದರೆ ಪರದೆ ನೆಟ್ಟಗಾಗಿ ಸುದ್ದಿ ನಿಂತುಹೋಗುತ್ತೆ. ನೀವು ಥಟ್ಟನೆ ನಿಂತಾಗ ದ್ರವ ಮುಂದಕ್ಕೆ ಹೋಗೋಕೆ ನೋಡುತ್ತೆ, ಪರದೆ ಈ ಸಲ ಉಲ್ಟಾ ಬಾಗುತ್ತೆ. ಆಗ ಮೆದುಳಿಗೆ ಹೋಗೋ ಸುದ್ದಿ: 'ಎಡಕ್ಕೆ ತಿರುಗ್ತಿದ್ದೀನಿ'. ಕಾಲು ನೆಲದ ಮೇಲೆ ನಿಂತಿದೆ, ಕಣ್ಣು 'ಎಲ್ಲ ನಿಂತಿದೆ' ಅನ್ನಬೇಕು, ಕಿವಿ 'ಇಲ್ಲ, ತಿರುಗ್ತಿದೆ' ಅನ್ನುತ್ತೆ. ಈ ತಾಳಮೇಳವಿಲ್ಲದ ಸ್ಥಿತಿಯೇ ತಲೆಸುತ್ತು.

ಇನ್ನು ಜೈಂಟ್ ವೀಲ್. ಇದು ನಿಜಕ್ಕೂ ಒಳ್ಳೆ ಪ್ರಶ್ನೆ, ಮಗುವಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಜೈಂಟ್ ವೀಲ್‌ನಲ್ಲಿ ಚಕ್ರ ತಿರುಗುತ್ತೆ, ತೊಟ್ಟಿಲು ತಿರುಗಲ್ಲ. ಅದು ಮೇಲೆ ಹೋದರೂ ಕೆಳಗೆ ಬಂದರೂ ನೆಟ್ಟಗೆ ನೇತಾಡ್ತಾ ಇರುತ್ತೆ. ಹತ್ತಿ ಕೂತಾಗ ನಿಮ್ಮ ಮಗಳ ಮುಖ ದೊಡ್ಡಕೆರೆ ಮೈದಾನದ ಯಾವ ಕಡೆಗಿತ್ತೋ ಇಳಿಯೋವರೆಗೂ ಆ ಕಡೆಗೇ ಇತ್ತು. ತಲೆ ಒಂದು ಸುತ್ತೂ ಸುತ್ತಿಲ್ಲ, ಹಾಗಾಗಿ ಆ ಮೂರು ನಾಳಗಳಿಗೆ ಕೆಲಸವೇ ಇರಲಿಲ್ಲ. ಕೆಳಗೆ ಇಳಿಯುವಾಗ ಹೊಟ್ಟೆಯಲ್ಲಿ ಜುಂ ಅನ್ನಿಸಿರಬೇಕು. ಮೇಲೆ-ಕೆಳಗೆ ಹೋಗೋದನ್ನ ಹಿಡಿಯೋ ಅಂಗ ಕಿವಿಯಲ್ಲಿ ಬೇರೆಯೇ ಇದೆ, ಅದರಲ್ಲಿ ಸಣ್ಣ ಸುಣ್ಣದ ಹರಳುಗಳಿವೆ. ಕಪ್-ಸಾಸರ್‌ನಲ್ಲಾದರೆ ಕಪ್ಪೂ ತಿರುಗುತ್ತೆ, ಅದರ ಕೆಳಗಿನ ತಟ್ಟೆಯೂ ತಿರುಗುತ್ತೆ, ಮಗುವಿನ ಮುಖ ಎಲ್ಲ ದಿಕ್ಕಿಗೂ ಗರಗರ ಸುತ್ತುತ್ತೆ.

ಇದನ್ನ ಹೇಳಿಕೊಟ್ಟರೆ ಸಾಲದು, ಮಗು ತನ್ನ ಮೈಮೇಲೆ ತಾನೇ ಅನುಭವಿಸಿ ನೋಡಬೇಕು. ಕುರ್ಚಿ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ. ಯಾವ ಕಡೆ ತಿರುಗ್ತಿದ್ದೀನಿ ಅನ್ನಿಸುತ್ತೋ ಆ ಕಡೆಗೆ ಹೆಬ್ಬೆರಳು ತೋರಿಸು ಅನ್ನಿ. ನಿಧಾನವಾಗಿ, ಒಂದೇ ವೇಗದಲ್ಲಿ, ಅರ್ಧ ನಿಮಿಷದಿಂದ ಒಂದು ನಿಮಿಷ ತಿರುಗಿಸಿ. ಮೊದಲು ಬೆರಳು ಸರಿಯಾದ ಕಡೆ ಇರುತ್ತೆ. ಬರ್ತಾ ಬರ್ತಾ 'ನಿಧಾನ ಆಯ್ತು', 'ನಿಂತುಹೋಯ್ತು' ಅಂತ ಹೇಳುತ್ತೆ, ಕುರ್ಚಿ ಮಾತ್ರ ಅದೇ ವೇಗದಲ್ಲಿ ತಿರುಗ್ತಿರುತ್ತೆ. ಆಮೇಲೆ ಮೆಲ್ಲಗೆ ನಿಲ್ಲಿಸಿದರೆ ಬೆರಳು ಉಲ್ಟಾ ಕಡೆಗೆ ಹೊರಳುತ್ತೆ. ಸುತ್ತ ಕೂತು ನೋಡ್ತಿರೋ ಮಕ್ಕಳು ಹೋ ಅಂತ ಕೂಗ್ತಾರೆ. ನನ್ನ ಕ್ಲಾಸಿನಲ್ಲಿ ಈ ಪ್ರಯೋಗ ನೋಡಿದ ಮಕ್ಕಳು ಕಿವಿಯ ಪಾಠ ಮರೆತದ್ದೇ ಇಲ್ಲ.

ಊಟ ಆದ ತಕ್ಷಣ ಬೇಡ. ಮೇಜಿನ ಮೂಲೆ, ಗೋಡೆಯ ಅಂಚು ಹತ್ತಿರ ಇರಬಾರದು. ನಿಲ್ಲಿಸಿದ ಮೇಲೆ ತಕ್ಷಣ ಎದ್ದು ನಿಲ್ಲೋಕೆ ಬಿಡಬೇಡಿ.

ಪಾಂಡವಪುರದ ಕಬ್ಬಿನ ರೈತ

ನಮಸ್ಕಾರ ಮೇಷ್ಟ್ರೇ. ನಿಮ್ದು ಓದಿ ನನ್ ಮೊಮ್ಮಗಂಗೂ ಓದಿ ಹೇಳ್ದೆ. ನಮ್ ತಾತನ ಕಾಲ್ದಲ್ಲಿ ಆಲೆಮನೇಲಿ ಕಬ್ಬು ಅರೆಯಕ್ಕೆ ಎತ್ತಿನ ಗಾಣ ಇತ್ತು. ಈಗೆಲ್ಲಾ ಕರೆಂಟು, ಇಂಜಿನ್ನು. ಎತ್ತುಗಳು ಬೆಳಗಿಂದ ಸಂಜೆಗಂಟ ಅದೇ ಜಾಗದಲ್ಲಿ ಸುತ್ತುತಿದ್ವು, ಒಂದಿನಾನೂ ತೂರಾಡಿ ಬಿದ್ದದ್ದು ಕಾಣೆ ಅಂತ ನಮ್ಮಪ್ಪ ಯೋಳೋರು. ಮೊಮ್ಮಗ ಈಗ ಅದನ್ನೇ ಹಿಡ್ಕೊಂಡವ್ನೆ: 'ತಾತ, ಎತ್ತಿಗೆ ಕಿವಿ ಇಲ್ವಾ, ಅದಕ್ಯಾಕೆ ತಲೆ ಸುತ್ತಲ್ಲ?' ವಸಿ ಬಿಡಿಸಿ ಹೇಳಿ ಸಾ.

ವಿಜ್ಞಾನದ ಮೇಷ್ಟ್ರು, ಶ್ರೀರಂಗಪಟ್ಟಣ

ಎತ್ತಿಗೂ ನಮ್ಮ ಹಾಗೇ ಮೂರು ನಾಳ ಇವೆ ಗೌಡ್ರೇ. ಹಸು, ಬೆಕ್ಕು, ಪಾರಿವಾಳ, ಮೀನು, ಎಲ್ಲಕ್ಕೂ ಇವೆ.

ಲೆಕ್ಕ ಹಾಕೋಣ. ಗಾಣದ ಕಂಬದಿಂದ ಎತ್ತಿಗೆ ಮೂರೂವರೆ ಮೀಟರ್ ದೂರ ಅಂದ್ಕೊಳ್ಳಿ. ಒಂದು ಸುತ್ತು ಅಂದರೆ ಸುಮಾರು 22 ಮೀಟರ್. ಎತ್ತಿನ ನಡಿಗೆ ಗಂಟೆಗೆ 3 ಕಿ.ಮೀ. ಇದ್ದರೆ ಒಂದು ಸುತ್ತಿಗೆ ಹತ್ತಿರ ಹತ್ತಿರ ಅರ್ಧ ನಿಮಿಷ. ಹುಡುಗರು ಅಂಗಳದಲ್ಲಿ ಸೆಕೆಂಡಿಗೆ ಒಂದು ಸುತ್ತು ಹೊಡೀತಾರೆ. ಅಂದರೆ ಎತ್ತು ತಿರುಗೋದು ನಿಮ್ಮ ಮೊಮ್ಮಗನಿಗಿಂತ ಇಪ್ಪತ್ತೈದು ಮೂವತ್ತು ಪಟ್ಟು ನಿಧಾನ.

ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಆ ನಾಳಗಳಿಗೆ ತಿಳಿಯೋದು ತಿರುಗುವಿಕೆ ಶುರುವಾದದ್ದು, ಜಾಸ್ತಿಯಾದದ್ದು, ಕಡಿಮೆಯಾದದ್ದು, ನಿಂತದ್ದು. ಒಂದೇ ಹದದಲ್ಲಿ ಸುತ್ತೋದು ಅವಕ್ಕೆ ತಿಳಿಯಲ್ಲ. ಎತ್ತು ನೊಗಕ್ಕೆ ಕೊರಳು ಕೊಟ್ಟು ಹೊರಟು ಒಂದು ಹದಕ್ಕೆ ಬಂದಮೇಲೆ ಕಿವಿ ಸುಮ್ಮನಾಗಿಬಿಡುತ್ತೆ. ನಿಂತಾಗಲೂ ಆ ವೇಗ ಎಷ್ಟು ಮಹಾ, ಪರದೆ ಕೂದಲೆಳೆಯಷ್ಟೂ ಬಾಗಲ್ಲ. ಮಕ್ಕಳಿಗೆ ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತೆ: ಕಿವಿ ಹಿಡಿಯೋದು ಬದಲಾವಣೆಯನ್ನ.

ಆಡಿಯಾಲಜಿ ಓದಿದವಳು, ಮಾನಸಗಂಗೋತ್ರಿ

ಮೇಷ್ಟ್ರೇ, ತುಂಬ ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಕಡೆ ತಡೆದು ಹೇಳಬೇಕು ಅನ್ನಿಸ್ತಿದೆ. ಲೋಟದ ನೀರು ತೋರಿಸಿದ ಮೇಲೆ ಮಕ್ಕಳ ತಲೆಯಲ್ಲಿ ಉಳಿಯೋ ಚಿತ್ರ 'ಕಿವಿಯೊಳಗೆ ನೀರು ಗಿರಗಿರ ಸುತ್ತುತ್ತೆ' ಅಂತ. ಅಲ್ಲಿ ಹಾಗಾಗಲ್ಲ. ಆ ಲೋಳೆಯ ಪರದೆ ನಾಳವನ್ನ ಅಡ್ಡಲಾಗಿ ಪೂರ್ತಿ ಮುಚ್ಚಿದೆ. ದ್ರವಕ್ಕೆ ಸುತ್ತು ಹಾಕೋಕೆ ದಾರಿಯೇ ಇಲ್ಲ. ಅದು ಬರೀ ಒಂದಿಷ್ಟು ಒತ್ತುತ್ತೆ, ಪರದೆ ಕಣ್ಣಿಗೆ ಕಾಣದಷ್ಟು ಬಾಗುತ್ತೆ. ಪರದೆಗೆ ತನ್ನದೇ ಸೆಟೆತ ಇದೆ, ಹಾಗಾಗಿ ಐದಾರು ಸೆಕೆಂಡುಗಳಲ್ಲೇ ಬಹುಪಾಲು ನೆಟ್ಟಗಾಗುತ್ತೆ.

ಹಾಗಾದರೆ ತಲೆಸುತ್ತು ಅದಕ್ಕಿಂತ ಹೆಚ್ಚು ಹೊತ್ತು ಇರೋದು ಯಾಕೆ ಅಂತ ಕೇಳಬಹುದು. ಕಿವಿಯಿಂದ ಬಂದ ಸುದ್ದಿಯನ್ನ ಮೆದುಳಿನ ಬುಡದ ಭಾಗ ಹಿಡಿದಿಟ್ಟುಕೊಂಡು ಎಳೆಯುತ್ತೆ. ಪರದೆ ನೆಟ್ಟಗಾದ ಮೇಲೂ ಹದಿನೈದು ಇಪ್ಪತ್ತು ಸೆಕೆಂಡು ಆ ಭಾವನೆ ಮುಂದುವರಿಯೋದು ಅದರಿಂದ. ದೊಡ್ಡ ಮಕ್ಕಳಿಗೆ ಇದನ್ನ ಖಂಡಿತ ಹೇಳಬಹುದು.

ಲೋಟ ಬಿಡಿ ಅಂತ ನಾನು ಹೇಳ್ತಿಲ್ಲ. ಲೋಟದ ಒಳಗೋಡೆಗೆ ಒಂದು ಉಲ್ಲನ್ ದಾರದ ತುಂಡಿನ ಒಂದು ತುದಿಯನ್ನ ಟೇಪ್ ಹಾಕಿ ಅಂಟಿಸಿ, ಇನ್ನೊಂದು ತುದಿ ನೀರಿನಲ್ಲಿ ಬಿಡಿ. ಆಮೇಲೆ ಮಗುವಿಗೆ 'ನೀರನ್ನ ನೋಡಬೇಡ, ದಾರ ನೋಡು' ಅನ್ನಿ. ಶುರುವಿನಲ್ಲಿ ದಾರ ಒಂದು ಕಡೆ, ನಿಲ್ಲಿಸಿದಾಗ ಇನ್ನೊಂದು ಕಡೆ. ಮೆದುಳಿಗೆ ಸುದ್ದಿ ಮುಟ್ಟಿಸೋದು ಪರದೆಯೇ ಹೊರತು ನೀರಲ್ಲ.

ವಿಜ್ಞಾನದ ಮೇಷ್ಟ್ರು, ಶ್ರೀರಂಗಪಟ್ಟಣ

ಉಲ್ಲನ್ ದಾರದ ಉಪಾಯ ಬಹಳ ಹಿಡಿಸಿತು ಮೇಡಂ. ಆದರೆ ಪರದೆ ನಾಳವನ್ನ ಮುಚ್ಚಿದೆ ಅನ್ನೋದನ್ನ ಎರಡನೇ ಕ್ಲಾಸಿನ ಮಗುವಿಗೆ ಈಗಲೇ ಹೇಳಬೇಕು ಅನ್ನೋದನ್ನ ನಾನು ಒಪ್ಪಲ್ಲ. ಆ ವಯಸ್ಸಿಗೆ 'ತಲೆ ನಿಂತರೂ ಒಳಗಿನ ದ್ರವ ತಕ್ಷಣ ನಿಲ್ಲಲ್ಲ' ಅನ್ನೋದೇ ದೊಡ್ಡ ತಿಳಿವಳಿಕೆ. ಅದು ಸುಳ್ಳೂ ಅಲ್ಲ.

ಆಡಿಯಾಲಜಿ ಓದಿದವಳು, ಮಾನಸಗಂಗೋತ್ರಿ

ಒಪ್ಪಿದೆ ಮೇಷ್ಟ್ರೇ, 'ತಕ್ಷಣ ನಿಲ್ಲಲ್ಲ' ಅನ್ನೋದು ಸರಿ. 'ಗಿರಗಿರ ಸುತ್ತುತ್ತೆ' ಅಂತ ಮಾತ್ರ ಹೇಳೋದು ಬೇಡ.

ಇನ್ನು ಕಣ್ಣಿನ ವಿಷಯ. ಪುಟ್ಟಿ ಕೇಳಿದ್ದು 'ಅಂಗಡಿ ಸಾಲು ಯಾಕೆ ಓಡ್ತಿತ್ತು' ಅಂತ. ಅದಕ್ಕೆ ಅರ್ಧ ಉತ್ತರ ಮಾತ್ರ ಬಂದಿದೆ. ತಿರುಗಿ ನಿಂತ ಮಗುವಿನ ಕಣ್ಣನ್ನ ಹತ್ತಿರದಿಂದ ನೋಡಿದ್ದೀರಾ? ಕಣ್ಣುಗುಡ್ಡೆ ಒಂದು ಕಡೆಗೆ ಮೆಲ್ಲಗೆ ಜಾರುತ್ತೆ, ಟಕ್ ಅಂತ ವಾಪಸ್ ಹಾರುತ್ತೆ. ಮತ್ತೆ ಜಾರುತ್ತೆ, ಮತ್ತೆ ಟಕ್. ನಮಗೆ ಕಲಿಸೋವಾಗ ಮೊದಲು ನೋಡಿಸಿದ್ದೇ ಇದನ್ನ. ಕಿವಿಗೂ ಕಣ್ಣಿನ ಸ್ನಾಯುಗಳಿಗೂ ನೇರ ನರಸಂಪರ್ಕ ಇದೆ. ತಲೆ ಬಲಕ್ಕೆ ಹೊರಳಿದರೆ ಕಣ್ಣು ಅಷ್ಟೇ ಎಡಕ್ಕೆ ಹೊರಳುತ್ತೆ, ಅದೂ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ. ನಾವು ನಡೀತಾ ಓಡ್ತಾ ಇದ್ದರೂ ನೋಟ ಅಲುಗಾಡದೆ ಇರೋದು ಇದರಿಂದಲೇ.

ಇದಕ್ಕೆ ಖರ್ಚಿಲ್ಲದ ಒಂದು ಪ್ರಯೋಗ ಇದೆ. ಇವತ್ತಿನ ಪೇಪರ್ ಕೈಯಲ್ಲಿ ಹಿಡಿದು, ಪೇಪರ್ ಅಲುಗಾಡಿಸದೆ, ತಲೆಯನ್ನ ಬೇಗ ಬೇಗ 'ಊಹೂಂ' ಅಂತ ಆಡಿಸ್ತಾ ಓದಿ. ಓದೋಕಾಗುತ್ತೆ. ಈಗ ತಲೆ ನಿಲ್ಲಿಸಿ ಅದೇ ವೇಗದಲ್ಲಿ ಪೇಪರನ್ನ ಆಡಿಸಿ. ಅಕ್ಷರ ಕಲಸಿಹೋಗುತ್ತೆ. ಮೊದಲನೇ ಸಲ ಕಿವಿ ಕಣ್ಣಿಗೆ ಸಹಾಯ ಮಾಡಿತು, ಎರಡನೇ ಸಲ ತಲೆಯೇ ಅಲುಗಾಡಲಿಲ್ಲವಲ್ಲ, ಕಿವಿಗೆ ಏನೂ ಗೊತ್ತಾಗಲಿಲ್ಲ.

ತಿರುಗಿ ನಿಂತಾಗ ಕಿವಿ ತಪ್ಪು ಸುದ್ದಿ ಕೊಡ್ತಿರುತ್ತೆ, ಕಣ್ಣು ಅದನ್ನ ನಂಬಿ ಜಾರುತ್ತೆ. ಕಣ್ಣು ಜಾರಿದರೆ ಎದುರಿಗಿನ ಅಂಗಡಿ ಸಾಲು ಓಡಿದ ಹಾಗೆ ಕಾಣುತ್ತೆ. ಆಗ ಏನಾದರೂ ಒಂದು ಅಲುಗಾಡದ ವಸ್ತುವನ್ನ ದಿಟ್ಟಿಸಿ ನೋಡಿದರೆ ಜಾರಾಟ ಬೇಗ ಹತೋಟಿಗೆ ಬರುತ್ತೆ. ಮುಂದಿನ ಸಲ ಮಗಳಿಗೆ 'ನನ್ನ ಮೂಗು ನೋಡು' ಅನ್ನಿ.

ಹೂಟಗಳ್ಳಿ ಅಪಾರ್ಟ್‌ಮೆಂಟ್ ಅಪ್ಪ

ನಮ್ಮಲ್ಲಿ ರಾಜ್ಯೋತ್ಸವದ ಆಟಗಳಲ್ಲಿ ಮಕ್ಕಳಿಗೆ ಬ್ಯಾಟ್ ನೆಲಕ್ಕೂರಿ, ಅದರ ಮೇಲೆ ಹಣೆ ಇಟ್ಟು ಹತ್ತು ಸುತ್ತು ತಿರುಗಿ ಓಡೋ ಸ್ಪರ್ಧೆ ಇಡ್ತಾರೆ. ಬರೀ ತಿರುಗಿದ್ದಕ್ಕಿಂತ ಇದರಲ್ಲಿ ಮಕ್ಕಳು ಭಯಂಕರವಾಗಿ ಪಕ್ಕಕ್ಕೆ ಬೀಳ್ತಾರೆ. ಯಾಕೆ?

ವಿಜ್ಞಾನದ ಮೇಷ್ಟ್ರು, ಶ್ರೀರಂಗಪಟ್ಟಣ

ತಿರುಗುವಾಗ ತಲೆ ಬಗ್ಗಿತ್ತು, ಓಡುವಾಗ ತಲೆ ಎತ್ತಿದರು. ಬಗ್ಗಿದ ತಲೆಯಲ್ಲಿ ಯಾವ ನಾಳ ಕೆಲಸ ಮಾಡಿತ್ತೋ ಅದು ತಲೆ ಎತ್ತಿದಾಗ ಬೇರೆ ದಿಕ್ಕಿಗೆ ನಿಲ್ಲುತ್ತೆ. ಹಾಗಾಗಿ ನಿಂತಲ್ಲೇ ಸುತ್ತಿದ ಹಾಗಲ್ಲ, ಮೈಯೇ ಒಂದು ಪಕ್ಕಕ್ಕೆ ಉರುಳಿಹೋದ ಹಾಗೆ ಅನ್ನಿಸುತ್ತೆ. ಅದನ್ನ ಸರಿಪಡಿಸಿಕೊಳ್ಳೋಕೆ ಮಗು ಇನ್ನೊಂದು ಪಕ್ಕಕ್ಕೆ ಮೈ ಎಸೆಯುತ್ತೆ, ಬೀಳುತ್ತೆ. ಕಾಂಕ್ರೀಟ್ ನೆಲದ ಮೇಲೆ ದಯವಿಟ್ಟು ಈ ಆಟ ಇಡಬೇಡಿ. ಮರಳು, ಹುಲ್ಲು, ಇಲ್ಲವೇ ದಪ್ಪ ಜಮಖಾನ. ಹತ್ತು ಸುತ್ತು ಬೇಕಾಗೂ ಇಲ್ಲ.

ಮದ್ದೂರು ಪಿಯು ಹುಡುಗ

ಬಲಕ್ಕೆ ತಿರುಗಿ ತಲೆ ಸುತ್ತಿದರೆ ಅಷ್ಟೇ ಸುತ್ತು ಎಡಕ್ಕೆ ತಿರುಗಿದರೆ ಸರಿಹೋಗುತ್ತೆ ಅಂತ ನಮ್ಮ ಕಡೆ ಹೇಳ್ತಾರೆ. ನಿಜಾನಾ ಸಾರ್?

ವಿಜ್ಞಾನದ ಮೇಷ್ಟ್ರು, ಶ್ರೀರಂಗಪಟ್ಟಣ

ಅರ್ಧ ನಿಜ. ಎಡಕ್ಕೆ ತಿರುಗಿ ನಿಂತಾಗ ಹುಟ್ಟೋ ತಪ್ಪು ಸುದ್ದಿ 'ಬಲಕ್ಕೆ' ಅಂತ. ಮೊದಲಿನ ಸುದ್ದಿ ಇನ್ನೂ ಉಳಿದಿದ್ದರೆ ಅದು 'ಎಡಕ್ಕೆ' ಅಂತ. ಎರಡೂ ಸಮಾ ಇದ್ದರೆ ಒಂದನ್ನೊಂದು ಹೊಡೆದುಹಾಕುತ್ತವೆ. ಆದರೆ ಅಷ್ಟೇ ಸುತ್ತು ಹಾಕೋ ಹೊತ್ತಿಗೆ ಮೊದಲಿನದು ಆರಿಹೋಗಿರುತ್ತೆ, ಎರಡನೇದು ಹೊಸದಾಗಿ ಶುರುವಾಗುತ್ತೆ. ಸುಮ್ಮನೆ ಕೂತು ಗೋಡೆ ನೋಡೋದೇ ವಾಸಿ ಮಗ.

ಕಥಕ್ ಅಕ್ಕ, ಜಯಲಕ್ಷ್ಮೀಪುರಂ

ನಾನು ಮಕ್ಕಳಿಗೆ ಕಥಕ್ ಹೇಳಿಕೊಡ್ತೀನಿ. ಚಕ್ಕರ್ ಕಲಿಸೋ ಮೊದಲು ಎದುರಿನ ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೆ ಒಂದು ದೊಡ್ಡ ಬಿಂದಿ ಅಂಟಿಸ್ತೀನಿ. ಮೈ ತಿರುಗೋಕೆ ಶುರುವಾದರೂ ಮುಖ ಬಿಂದಿಯ ಮೇಲೇ ಇರಬೇಕು. ಇನ್ನು ಕೊರಳು ತಿರುಗಲ್ಲ ಅನ್ನೋ ಹೊತ್ತಿಗೆ ಮುಖವನ್ನ ಸರಕ್ಕನೆ ತಿರುಗಿಸಿ ಮೈಗಿಂತ ಮೊದಲೇ ಬಿಂದಿಗೆ ವಾಪಸ್ ಬರಬೇಕು. ತಲೆ ಒಂದೇ ಸಮನೆ ತಿರುಗೋ ಬದಲು ನಿಲ್ಲುತ್ತೆ, ಹಾರುತ್ತೆ, ನಿಲ್ಲುತ್ತೆ. ಯುರೋಪಿನ ಬ್ಯಾಲೆಯಲ್ಲೂ ಇದೇ ವಿದ್ಯೆ ಇದೆ. ಮೊದಮೊದಲು ಮಕ್ಕಳ ತಲೆ ಬಿಂದಿಗೆ ಬರುವಾಗ ಜಡೆ ಮುಖಕ್ಕೆ ಹೊಡೆಯುತ್ತೆ, ಅಲ್ಲಿಗೆ ಸರಿಯಾಗಿ ಮಾಡ್ತಿದ್ದಾರೆ ಅಂತ ಲೆಕ್ಕ.

ಆದರೆ ಇದೊಂದೇ ಕಾರಣ ಅಲ್ಲ. ಐಸ್ ಮೇಲೆ ಸ್ಕೇಟಿಂಗ್ ಮಾಡೋರು ಅಷ್ಟು ವೇಗದಲ್ಲಿ ಸುತ್ತುವಾಗ ಒಂದು ಬಿಂದು ನೋಡೋಕೆ ಸಾಧ್ಯವೇ ಇಲ್ಲ, ಅವರಿಗೆ ಅಭ್ಯಾಸದಿಂದಲೇ ಒಗ್ಗುತ್ತೆ. 2013ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬ್ಯಾಲೆ ನರ್ತಕಿಯರನ್ನ ಕತ್ತಲೆ ಕೋಣೆಯ ಕುರ್ಚಿಯಲ್ಲಿ ತಿರುಗಿಸಿ ನೋಡಿದರು. ನಿಲ್ಲಿಸಿದ ಮೇಲೆ ಉಳಿದವರಿಗಿಂತ ಬೇಗ ಅವರ ತಿರುಗಿದ ಭಾವನೆ ಇಳಿದುಹೋಯ್ತು. ಕಿವಿಯಿಂದ ಬರೋ ಆ ಸುದ್ದಿಯನ್ನ ಅವರ ಮೆದುಳು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳದೆ ಇರೋದನ್ನ ಕಲಿತಿರುತ್ತೆ ಅಂತ ಅವರು ಹೇಳಿದರು.

ನಮ್ಮ ಮಂಡ್ಯ ಕಡೆ ಪೂಜಾ ಕುಣಿತದವರನ್ನ ನೋಡಿ. ತಲೆ ಮೇಲೆ ಅಷ್ಟೆತ್ತರದ ಪೂಜೆ (ದೇವರ ಅಲಂಕಾರದ ಬಿದಿರಿನ ಚೌಕಟ್ಟು) ಹೊತ್ತು ತಮಟೆ ಏಟಿಗೆ ಸುತ್ತುತ್ತಾರೆ. ಚಿಕ್ಕ ವಯಸ್ಸಿನಿಂದ ಮಾಡಿದ ಸಾಧನೆ ಅದು. ಅವರ ಬಗ್ಗೆ ಇಂಥ ಅಧ್ಯಯನ ಯಾರಾದರೂ ಮಾಡಬೇಕು ಅನ್ನೋದು ನನ್ನ ಆಸೆ.

ಅಗ್ರಹಾರದ ಅಜ್ಜಿ

ಎಷ್ಟು ಚೆನ್ನಾಗಿ ಹೇಳ್ತೀರಪ್ಪ ಎಲ್ಲರೂ. ನನ್ನದೊಂದು ಕೇಳಲಾ? ನಾನು ತಿರುಗೋದೂ ಇಲ್ಲ ಏನೂ ಇಲ್ಲ, ಬೆಳಗ್ಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು ಮನೆಯೇ ತಿರುಗುತ್ತೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಇದೂ ಕಿವಿಯದ್ದೇನಾ?

ಆಡಿಯಾಲಜಿ ಓದಿದವಳು, ಮಾನಸಗಂಗೋತ್ರಿ

ಅಜ್ಜಿ, ಕಿವಿಯದ್ದೇ ಇರೋ ಸಾಧ್ಯತೆ ಇದೆ. ಮೇಷ್ಟ್ರು ಹೇಳಿದ ಸುಣ್ಣದ ಹರಳುಗಳು ವಯಸ್ಸಾದವರಲ್ಲಿ ಕೆಲವೊಮ್ಮೆ ಜಾಗ ಬಿಟ್ಟು ಆ ನಾಳದೊಳಗೆ ಸೇರಿಕೊಳ್ಳುತ್ತವೆ. ಮಗ್ಗುಲು ಬದಲಿಸಿದಾಗ ಹರಳು ಉರುಳಿ ದ್ರವವನ್ನ ತಳ್ಳುತ್ತೆ, ಒಂದು ನಿಮಿಷದೊಳಗೆ ನಿಲ್ಲುತ್ತೆ. ತಲೆಯನ್ನ ಕ್ರಮವಾಗಿ ಹೊರಳಿಸಿ ಹರಳನ್ನ ವಾಪಸ್ ಅದರ ಜಾಗಕ್ಕೆ ತರೋ ವಿಧಾನ ಇದೆ, ಜಾನ್ ಎಪ್ಲಿ ಅನ್ನೋ ವೈದ್ಯರು ರೂಪಿಸಿದ್ದು. ಎಷ್ಟೋ ಜನಕ್ಕೆ ಮಾತ್ರೆ ಇಲ್ಲದೆ ಇದರಲ್ಲೇ ವಾಸಿಯಾಗುತ್ತೆ. ಆದರೆ ವಿಡಿಯೋ ನೋಡಿಕೊಂಡು ನೀವೇ ಮಾಡ್ಕೋಬೇಡಿ. ಕಿವಿ ಮೂಗು ಗಂಟಲು ವೈದ್ಯರ ಹತ್ತಿರ ಹೋಗಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೂ ಬರಬಹುದು. ಅಲ್ಲಿಯವರೆಗೆ ಹಾಸಿಗೆಯಿಂದ ಗಡಿಬಿಡಿಯಲ್ಲಿ ಏಳಬೇಡಿ, ಕೂತು ಸುಧಾರಿಸಿಕೊಂಡು ಏಳಿ. ಮಾತು ತೊದಲೋದು, ಕೈಕಾಲು ಸೋತ ಹಾಗಾಗೋದು, ಎರಡೆರಡು ಕಾಣೋದು ಜೊತೆಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಕ್ಕಳ 'ತಿರುಗದೆ ಬಂದ ತಲೆಸುತ್ತು' ಕೂಡ ಆಟದ ವಿಷಯ ಅಲ್ಲ. ಪದೇ ಪದೇ ಬಂದರೆ ವೈದ್ಯರಿಗೆ ತೋರಿಸಿ.

ಸರಸ್ವತಿಪುರಂ ಅಮ್ಮ

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಕುರ್ಚಿ ಪ್ರಯೋಗ ಮಾಡಿದ್ವಿ. ನಿಲ್ಲಿಸಿದಾಗ ಬೆರಳು ಉಲ್ಟಾ ಹೋಯ್ತು. 'ಅಮ್ಮ ಈಗ ಆ ಕಡೆ ತಿರುಗಿಸ್ತಿದ್ದೀಯ ಅಲ್ವಾ' ಅಂದಳು. ಕಣ್ಣು ಬಿಟ್ಟು ನೋಡು ಅಂದೆ. ಕುರ್ಚಿ ನಿಂತಿತ್ತು. ಆ ಮುಖ ನೀವೆಲ್ಲ ನೋಡಬೇಕಿತ್ತು. ಆಮೇಲೆ ಅಪ್ಪನನ್ನ ಕೂರಿಸಿ ತಿರುಗಿಸಿದಳು, 'ರಕ್ತ' ಅಂದವರಿಗೂ ಬೆರಳು ಉಲ್ಟಾ ಹೋಯ್ತು.

ಅವರು ಮಾತ್ರ ಇನ್ನೂ ಪಟ್ಟು ಬಿಟ್ಟಿಲ್ಲ. ಕಿವಿಯೇ ಕಾರಣ ಅಂತ ಮೊದಲು ಹೇಗೆ ಗೊತ್ತಾಯ್ತು, ಯಾರಾದರೂ ಒಳಗೆ ಹೊಕ್ಕು ನೋಡಿದ್ದಾರಾ ಅಂತ ಕೇಳ್ತಿದ್ದಾರೆ.

ಆಡಿಯಾಲಜಿ ಓದಿದವಳು, ಮಾನಸಗಂಗೋತ್ರಿ

ಒಳ್ಳೆ ಪ್ರಶ್ನೆ ಅಕ್ಕ, ನನಗೆ ಅತಿ ಇಷ್ಟದ ಕಥೆ ಇದು. 1820ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಫ್ಲೂರೆನ್ಸ್ ಪಾರಿವಾಳಗಳ ಈ ನಾಳಗಳನ್ನ ಕತ್ತರಿಸಿದಾಗ ಅವು ತಲೆಯನ್ನ ವಿಚಿತ್ರವಾಗಿ ಆಡಿಸ್ತಾ ಸುತ್ತೋಕೆ ಶುರುಮಾಡಿದವು. ಕೇಳೋಕೆ ಮಾತ್ರ ಅಂದುಕೊಂಡಿದ್ದ ಕಿವಿಗೆ ಇನ್ನೊಂದು ಕೆಲಸ ಇದೆ ಅನ್ನೋ ಸುಳಿವು ಸಿಕ್ಕಿದ್ದು ಹಾಗೆ.

1882ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಇದನ್ನ ಬಲವಾಗಿ ತೋರಿಸಿದರು. ಐನೂರಕ್ಕೂ ಹೆಚ್ಚು ಕಿವುಡರನ್ನ ತಿರುಗಿಸಿ ವಿಚಾರಿಸಿದಾಗ ಅವರಲ್ಲಿ ನೂರಕ್ಕೂ ಹೆಚ್ಚು ಜನಕ್ಕೆ ತಲೆಯೇ ಸುತ್ತಲಿಲ್ಲ. ಅವರ ಒಳಗಿವಿಯ ಸಮತೋಲನದ ಭಾಗವೂ ಹಾಳಾಗಿತ್ತು. ರಕ್ತದಿಂದ ತಲೆ ಸುತ್ತೋದಾಗಿದ್ದರೆ ಅವರಿಗೂ ಸುತ್ತಬೇಕಿತ್ತಲ್ಲ? ನಿಮ್ಮ ಮನೆಯವರಿಗೆ ಇದನ್ನ ಹೇಳಿ. ಮುಂದೆ 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಕಿವುಡರಿಗಾಗಿಯೇ ಇರೋ ಗ್ಯಾಲಡೆಟ್ ಕಾಲೇಜಿನಿಂದ 11 ಮಂದಿ ಕಿವುಡರನ್ನ ಅಧ್ಯಯನಕ್ಕೆ ಆರಿಸಿಕೊಂಡರು. ಬಿರುಗಾಳಿಯ ಸಮುದ್ರದಲ್ಲಿ ಹಡಗು ಹತ್ತಿಸಿದಾಗ ಇವರು ಆರಾಮಾಗಿ ಇಸ್ಪೀಟು ಆಡ್ತಿದ್ದರು. ಪರೀಕ್ಷೆ ಮಾಡೋಕೆ ಬಂದವರು ವಾಂತಿ ಮಾಡ್ತಾ ಮಲಗಿದರು. ಬಾಹ್ಯಾಕಾಶ ಯಾನಕ್ಕೆ ಬೇಕಾದ ಎಷ್ಟೋ ತಿಳಿವಳಿಕೆ ಆ ಹನ್ನೊಂದು ಜನರಿಂದ ಬಂತು. ಕಿವುಡ ಮಕ್ಕಳ ಜೊತೆ ಕೆಲಸ ಮಾಡೋ ನನಗೆ ಇದನ್ನ ಹೇಳುವಾಗಲೆಲ್ಲ ಹೆಮ್ಮೆ ಅನ್ನಿಸುತ್ತೆ.

ಇನ್ನು ವಿಯೆನ್ನಾದ ರಾಬರ್ಟ್ ಬಾರಾನಿ. ರೋಗಿಗಳ ಕಿವಿಯನ್ನ ನೀರಿನಿಂದ ತೊಳೆಯುವಾಗ ನೀರು ತಣ್ಣಗಿದ್ದರೆ ತಲೆ ಸುತ್ತೋದು, ಕಣ್ಣು ಜಾರೋದು ಕಂಡರು. ನೀರು ಮೈ ಬಿಸಿಗಿಂತ ಹೆಚ್ಚು ಬಿಸಿ ಇದ್ದರೆ ಕಣ್ಣು ಉಲ್ಟಾ ಕಡೆ ಜಾರ್ತಿತ್ತು. ಒಂದು ಕಡೆ ತಣ್ಣಗಾದ ದ್ರವ ಕೆಳಗಿಳಿಯುತ್ತೆ, ಬಿಸಿಯಾದದ್ದು ಮೇಲೇರುತ್ತೆ, ತಲೆ ಅಲುಗಾಡದಿದ್ದರೂ ಪರದೆ ಬಾಗುತ್ತೆ ಅಂತ ಅವರು ವಿವರಿಸಿದರು. ಅದಕ್ಕೆ 1914ರ ನೊಬೆಲ್ ಬಂತು. ಸುದ್ದಿ ಮುಟ್ಟಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಆ ಪರೀಕ್ಷೆ ಇವತ್ತಿಗೂ ಕಿವಿ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಮನೆಯಲ್ಲಿ ಯಾರೂ ಕಿವಿಗೆ ನೀರು ಹಾಕಿ ನೋಡಬಾರದು.

ಹೂಟಗಳ್ಳಿ ಅಪಾರ್ಟ್‌ಮೆಂಟ್ ಅಪ್ಪ

ಮಡಿಕೇರಿ ರಸ್ತೆ ತಿರುವಿನಲ್ಲಿ ಮಗ ವಾಂತಿ ಮಾಡ್ಕೊಳ್ಳೋದೂ ಇದಕ್ಕೇನಾ? ಹಿಂದಿನ ಸೀಟಲ್ಲಿ ಮೊಬೈಲ್ ನೋಡ್ತಾ ಕೂತಿರ್ತಾನೆ.

ಆಡಿಯಾಲಜಿ ಓದಿದವಳು, ಮಾನಸಗಂಗೋತ್ರಿ

ಹೌದು, ಅದೇ ಸಂಸಾರದ್ದು. ಕಿವಿ 'ಕಾರು ತಿರುವಿನಲ್ಲಿ ಓಲಾಡ್ತಿದೆ' ಅನ್ನುತ್ತೆ, ಮೊಬೈಲ್ ನೋಡ್ತಿರೋ ಕಣ್ಣು 'ಏನೂ ಅಲುಗಾಡ್ತಿಲ್ಲ' ಅನ್ನುತ್ತೆ. ಮೊಬೈಲ್ ತೆಗೆದಿಡಿ, ಕಿಟಕಿಯಾಚೆ ದೂರದ ಬೆಟ್ಟ ನೋಡಿಸಿ, ಗಾಳಿ ಬರಲಿ, ಹೊಟ್ಟೆ ಬಿರಿಯ ತಿನ್ನಿಸಿ ಹೊರಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ, ಶಾಲೆಗೆ ಹೋಗೋ ವಯಸ್ಸಿನಲ್ಲಿ ಹೆಚ್ಚು, ದೊಡ್ಡವರಾದ ಮೇಲೆ ಬಹಳ ಜನಕ್ಕೆ ಕಡಿಮೆಯಾಗುತ್ತೆ.

ಸರಸ್ವತಿಪುರಂ ಅಮ್ಮ

ಮೇಷ್ಟ್ರೇ, ಇನ್ನೊಂದು ಬಂತು. ಶಾಲೆಯಲ್ಲಿ ಭೂಮಿ ತಿರುಗುತ್ತೆ ಅಂತ ಹೇಳಿಕೊಟ್ಟಿದ್ದಾರೆ. 'ಹಾಗಾದರೆ ನಮಗೆಲ್ಲ ಯಾವಾಗಲೂ ತಲೆ ಸುತ್ತಬೇಕಲ್ವಾ' ಅಂತಾಳೆ.

ವಿಜ್ಞಾನದ ಮೇಷ್ಟ್ರು, ಶ್ರೀರಂಗಪಟ್ಟಣ

ಗಾಣದ ಎತ್ತಿನ ಲೆಕ್ಕವನ್ನೇ ಮುಂದುವರಿಸಿ ಅಮ್ಮಾ. ಮೈಸೂರು ಭೂಮಿಯ ಜೊತೆ ಪೂರ್ವಕ್ಕೆ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಹೋಗ್ತಿದೆ. ಈ ಸಂಖ್ಯೆ ಕೇಳಿ ಮಗು ಹೌಹಾರುತ್ತೆ, ಹಾರಲಿ. ಆದರೆ ಕಿವಿಗೆ ಬೇಕಾಗಿರೋದು ಎಷ್ಟು ದೂರ ಹೋದೆವು ಅನ್ನೋದಲ್ಲ, ಮುಖ ಎಷ್ಟು ತಿರುಗಿತು ಅನ್ನೋದು. ಒಂದು ಸುತ್ತಿಗೆ ಇಡೀ ಒಂದು ದಿನ ಬೇಕು. ಗಂಟೆಗೆ 15 ಡಿಗ್ರಿ. ಗಡಿಯಾರದ ಚಿಕ್ಕ ಮುಳ್ಳು ಗಂಟೆಗೆ 30 ಡಿಗ್ರಿ ತಿರುಗುತ್ತೆ, ಭೂಮಿ ಅದರ ಅರ್ಧ ವೇಗದ್ದು. ಮಗಳನ್ನ ಗೋಡೆ ಗಡಿಯಾರದ ಮುಂದೆ ಕೂರಿಸಿ ಚಿಕ್ಕ ಮುಳ್ಳು ಕದಲೋದು ಕಾಣುತ್ತಾ ಅಂತ ಕೇಳಿ. ಮೇಲಾಗಿ ಭೂಮಿ ಶುರುವಾಗೋದೂ ಇಲ್ಲ, ನಿಲ್ಲೋದೂ ಇಲ್ಲ, ನಮ್ಮ ಕಿವಿಗೆ ಗೊತ್ತಾಗುವಷ್ಟು ವೇಗ ಬದಲಿಸೋದೂ ಇಲ್ಲ.

ಭೂಮಿ ಒಂದು ಸಲ ಗಪ್ಪನೆ ನಿಂತರೆ ಏನಾಗುತ್ತೆ ಅಂತ ಅವಳು ಮುಂದೆ ಕೇಳೇ ಕೇಳ್ತಾಳೆ. ಅದಕ್ಕೆ ಬೇರೆ ಚರ್ಚೆ ಶುರುಮಾಡಿ, ಅಲ್ಲಿ ಬರೀತೀನಿ.